ಹಾವಿನ ಪಾಲು

ಆಗ ನಮ್ಮ ಕಾಚಿಗೂಡದ ಮನೆಯಲ್ಲಿ ಉಸಿರಿಗೂ ಸದ್ದಿತ್ತು. ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಹಳೆಯ ಕಟ್ಟಡವೊಂದರ ಎರಡನೆಯ ಮಾಳಿಗೆಯ ಮೇಲೆ ನಮ್ಮವು ಎರಡು ಕೋಣೆಗಳು. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಮೂಗಿಗೆ ಡೀಸೆಲ್ ವಾಸನೆ ಬರುತ್ತಿತ್ತು, ಅದರ ಬೆನ್ನಿಗೆ ಕೆಳಗಿನ ಇರಾನಿ ಹೋಟೆಲಿನ ಬಿಸ್ಕತ್ತಿನದು, ಆಮೇಲೆ ಅವ್ವ ಬಡಿಯುತ್ತಿದ್ದ ಜೋಳದ ರೊಟ್ಟಿಯದು. ಕಿವಿಗೆ ಮಾತ್ರ ಎಲ್ಲಕ್ಕಿಂತ ಮೊದಲು ಬಸೂನ ಉಸಿರು ಕೇಳುತ್ತಿತ್ತು. ಹಸಿ ಕಟ್ಟಿಗೆ ಒಲೆಯೊಳಗೆ ಸುಂಯ್ ಎನ್ನುವ ಹಾಗೆ ಅವನ ಎದೆ ಸದ್ದು ಮಾಡುತ್ತಿತ್ತು. ಬಸು ನನ್ನ ತಮ್ಮ, ಐದು ವರ್ಷದವನು. ನನಗೆ ಒಂಬತ್ತು.

ಮನೆಯಲ್ಲಿ ದಮ್ಮಿನ ಕೂಸು ಇದ್ದವರಿಗೆ ಗೊತ್ತು, ಆ ಸದ್ದಿಗೆ ಇಡೀ ಮನೆ ಹೊಂದಿಕೊಂಡುಬಿಡುತ್ತದೆ. ಸದ್ದು ಸಣ್ಣಗಿದ್ದ ದಿನ ಅವ್ವ ಸಾರಿಗೆ ಒಗ್ಗರಣೆ ಕೊಡುತ್ತಿದ್ದಳು, ಜೋರಾದ ದಿನ ಕೊಡುತ್ತಿರಲಿಲ್ಲ. ಅಪ್ಪ ಶಾಲೆಗೆ ಹೊರಡುವಾಗ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಕೇಳಿಸಿಕೊಂಡು, ಆಮೇಲೆ ಮೆಟ್ಟಿಲು ಇಳಿಯುತ್ತಿದ್ದ. ಅಪ್ಪನ ತಾಯಿ, ನಮ್ಮ ಆಯಿ, ವಿಜಯಪುರದ ಕಡೆಯ ಹಳ್ಳಿಯಿಂದ ಬಂದು ನಮ್ಮ ಜೊತೆಗಿದ್ದವಳು, ಮೊಮ್ಮಗನ ಎದೆಗೆ ವಿಭೂತಿ ಹಚ್ಚಿ ಹಚ್ಚಿ ಅವನ ಅಂಗಿಗಳೆಲ್ಲ ಬೂದುಬಣ್ಣಕ್ಕೆ ತಿರುಗಿದ್ದವು.

ನನಗೋ ಆ ಸದ್ದಿನ ಮೇಲೆ ಸಿಟ್ಟಿತ್ತು. ಹೇಳಿಬಿಡುತ್ತೇನೆ, ಈಗ ಮುಚ್ಚಿಟ್ಟು ಏನು ಮಾಡಲಿ? ದೀಪಾವಳಿಗೆ ಪಟಾಕಿ ಇಲ್ಲ, ಬಸೂಗೆ ಹೊಗೆ ಆಗುವುದಿಲ್ಲ. ಮನೆಯಲ್ಲಿ ಮಿರ್ಚಿ ಭಜಿ ಇಲ್ಲ, ಬಸೂಗೆ ಘಾಟು ಆಗುವುದಿಲ್ಲ. ಬೆಕ್ಕಿನ ಮರಿ ಬೇಡ, ಕೂದಲು ಆಗುವುದಿಲ್ಲ. ಈ 'ಆಗುವುದಿಲ್ಲ'ಗಳ ನಡುವೆ ನನಗೆ ಆಗುವುದೇನು ಎಂದು ಯಾರೂ ಕೇಳುತ್ತಿರಲಿಲ್ಲ. ಆದರೂ ಅವನು ನನ್ನ ಬೆನ್ನು ಬಿಡುತ್ತಿರಲಿಲ್ಲ. ನಾನು ಪಾಠ ಒದರಿದರೆ ತಾನೂ ಒದರುತ್ತಿದ್ದ, ನಾನು ಹಲ್ಲುಜ್ಜಿದರೆ ತಾನೂ ಉಜ್ಜುತ್ತಿದ್ದ.

ಆ ವರ್ಷ ದಸರೆ ಮುಗಿದ ಮೇಲೆ ಡಾಕ್ಟರು ಅಪ್ಪನನ್ನು ಕೂರಿಸಿಕೊಂಡು ಹೇಳಿದರಂತೆ: ಔಷಧಿ ನಾನು ಕೊಡುತ್ತೇನೆ, ಗಾಳಿ ನೀವು ಕೊಡಬೇಕು. ಈ ಧೂಳು, ಈ ಹೊಗೆ ಬಿಟ್ಟು ಊರ ಹೊರಗೆ ಎಲ್ಲಾದರೂ ಮನೆ ಮಾಡಿ.

ಅಪ್ಪ ಮೆಹದಿಪಟ್ಟಣದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಜೊತೆಯ ಮಾಸ್ತರರೊಬ್ಬರು ಶಾದನಗರದಲ್ಲಿ ಒಂದು ಮನೆ ಇದೆ ಎಂದರು. ಈಗ ಶಾದನಗರ ಎಂದರೆ ಹೈದರಾಬಾದಿನದೇ ಬಾಲ ಎನ್ನುತ್ತಾರೆ. ಆಗ ಅದೊಂದು ಬೇರೆ ಸಣ್ಣ ಊರು. ಕಾಚಿಗೂಡದಿಂದ ಪ್ಯಾಸೆಂಜರ್ ರೈಲು ಹೋಗುತ್ತಿತ್ತು. ಊರ ಅಂಚಿನಲ್ಲಿ ಹೊಸ ಸೈಟುಗಳು, ಅವುಗಳಲ್ಲಿ ಮೊದಲು ಎದ್ದ ಮೂರೋ ನಾಲ್ಕೋ ಮನೆಗಳಲ್ಲಿ ಇದೊಂದು. ಅಪ್ಪ ನೋಡದೆಯೇ ಆ ಮನೆಯ ಚಿತ್ರ ಬರೆದ. ಬಾಗಿಲ ಎಡಕ್ಕೆ ತುಳಸಿ, ಬಲಕ್ಕೆ ಬಸು, ಬಸೂನ ಕೈಯಲ್ಲಿ ಚೆಂಡು. ನಾನೆಲ್ಲಿ ಎಂದು ಕೇಳಿದೆ. "ನೀ ಒಳಗ ಓದಾಕತ್ತೀಯವ್ವ," ಎಂದ ಅಪ್ಪ. ಅದೂ ಒಂದು ಸಿಟ್ಟು ನನಗೆ.

ಧನುರ್ಮಾಸ ಹತ್ತಿದ ಮೇಲೆ ಮನೆ ಬದಲಿಸುವ ಹಾಗಿಲ್ಲ, ಹೋಗುವುದಾದರೆ ಅದಕ್ಕೆ ಮೊದಲೇ ಹೋಗಬೇಕು ಎಂದು ಆಯಿಯ ಕಾನೂನು. ಹಾಗಾಗಿ ಹೋಗುವುದೋ ಇರುವುದೋ ಎಂದು ಒಂದು ಭಾನುವಾರ ಸಂಜೆ ತೂಗಿ ನೋಡಲು ಕುಳಿತೆವು. ಅಪ್ಪ ಹಾಳೆಯ ನಡುವೆ ಗೆರೆ ಎಳೆದು ಆ ಕಡೆ ಲಾಭ, ಈ ಕಡೆ ನಷ್ಟ ಎಂದು ಬರೆಯಹೊರಟ. ಆಯಿ ತಡೆದಳು.

"ಬರದಿದ್ದು ನನಗ ಓದಾಕ ಬರೂದಿಲ್ಲ. ನನಗ ಕಾಣೂ ಹಂಗ ಮಾಡ್ರಿ."

ಆಕೆಯೇ ಎರಡು ವಾಟಿ ತಂದಿಟ್ಟಳು. ಹೋಗಬೇಕೆನ್ನುವ ಮಾತಿಗೆ ಒಂದು ಕಡಲೆಕಾಳು, ಇರಬೇಕೆನ್ನುವ ಮಾತಿಗೆ ಒಂದು ಹೆಸರುಕಾಳು. ಮಾತನ್ನು ಬಾಯಿ ಬಿಟ್ಟು ಹೇಳಿ ಕಾಳು ಹಾಕಬೇಕು. ಹಳ್ಳಿಯಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಹೀಗೆಯೇ ಮಾಡಿದ್ದರಂತೆ.

ಅಪ್ಪ ಮೊದಲ ಕಡಲೆ ಹಾಕಿದ. "ಗಾಳಿ." ಎರಡನೆಯದು ಹಾಕಿದ. "ನಳದ ಮುಂದ ಕೊಡ ಹಿಡದು ಜಗಳಾಡೂದು ತಪ್ಪತೈತಿ." ಆಯಿ ಹೆಸರುಕಾಳು ಹಾಕಿದಳು. "ಇಲ್ಲಾದ್ರ ಊರ ಕಡೀ ರೈಲು ಬಂದು ನಿಲ್ಲತೈತಿ. ನಮ್ಮ ಮಾತಾಡಾವ್ರು ನಾಕು ಮಂದಿ ಮನೀಗಿ ಬರ್ತಾರ. ಅಲ್ಲಿ ಯಾರ್ ಅದಾರು?" ಅಪ್ಪ ನೇರ ಬಸ್ಸು ಇದೆ ಎಂದು ಕಡಲೆ ಹಾಕಿದ. ಬಸ್ಸಿಗೆ ಎರಡು ತಾಸು ಹಿಡಿಯುತ್ತದೆಂದು ತಾನೇ ಹೆಸರುಕಾಳೂ ಹಾಕಿದ. ನಾನು ನನ್ನ ಶಾಲೆ ಎಂದು ಒಂದು ಹೆಸರುಕಾಳು, ನನ್ನ ಗೆಳತಿ ನಸ್ರೀನ್ ಎಂದು ಇನ್ನೊಂದು ಹಾಕಿದೆ. ಬಸು ಮಾತೇ ಇಲ್ಲದೆ ಕಡಲೆಯ ವಾಟಿಗೆ ಕೈ ಹಾಕಿ ಎರಡು ಕಾಳು ತಿಂದುಬಿಟ್ಟ. "ಏ ಭಾಡ್ಯಾ, ನಿನಗಾಗೇ ಹಾಕಾಕತ್ತೀವಿ, ನೀನ ತಿಂತೀಯೇನ?" ಎಂದು ಅಪ್ಪ ನಕ್ಕ. ಅವ್ವನ ಸರದಿ ಬಂದಾಗ ಆಕೆ ಎರಡೂ ವಾಟಿಗೆ ಒಂದೊಂದು ಕಾಳು ಹಾಕಿ, "ಎಲ್ಲಾರೂ ಅಂದಂಗ," ಎಂದು ಒಳಗೆ ಹೋದಳು. ಆಮೇಲೆ ಅಪ್ಪ ಬಾಡಿಗೆ, ಬಯಲು, ಬಸೂನ ಆಟ, ಡಾಕ್ಟರ ಮಾತು ಎಂದು ಇನ್ನೂ ನಾಲ್ಕು ಕಡಲೆ ಹಾಕಿದ. ಕಡೆಗೆ ಕಡಲೆಯೇ ಹೆಚ್ಚಾಯಿತು, ಬಸು ತಿಂದದ್ದನ್ನು ಬಿಟ್ಟೂ.

ನಾನು ಹೇಳದೆ ಉಳಿಸಿಕೊಂಡ ಹೆಸರುಕಾಳು ಒಂದಿತ್ತು. ಕೆಳಗಿನ ಮನೆಯ ನಸ್ರೀನ್ ನನಗಿಂತ ಮೂರು ವರ್ಷ ದೊಡ್ಡವಳು. ಸಂಕ್ರಾಂತಿಗೆ ಇಡೀ ಹೈದರಾಬಾದ್ ಮಾಳಿಗೆ ಹತ್ತಿ ಗಾಳಿಪಟ ಹಾರಿಸುವಾಗ ನಮ್ಮ ಗಲ್ಲಿಯಲ್ಲಿ ಅವಳ ಪಟವನ್ನು ಕತ್ತರಿಸಿದವರಿಲ್ಲ. ಮೂರು ವರ್ಷದಿಂದ ನಾನು ಅವಳ ಹಿಂದೆ ನಿಂತು ದಾರದ ಚರಖಾ ಹಿಡಿದುಕೊಂಡೇ ಕೈ ಕೊಯ್ದುಕೊಂಡಿದ್ದೆ. ಆ ವರ್ಷ ಅವಳು, "ಇಸ್ ಸಾಲ್ ತೂ ಉಡಾ, ಚರಖಾ ಮೈ ಪಕಡ್ತೂಂ," ಎಂದಿದ್ದಳು, ಅಂದರೆ ಈ ಸಲ ಹಾರಿಸುವವಳು ನಾನು, ಚರಖಾ ಹಿಡಿಯುವವಳು ಅವಳು. ನನಗೆ ಅದಕ್ಕಿಂತ ದೊಡ್ಡದು ಯಾವುದೂ ಇರಲಿಲ್ಲ. ಆದರೆ ಬಸೂನ ಉಸಿರಿನ ಎದುರು ಗಾಳಿಪಟ ಎಂದು ಹೇಳಿ ಕಾಳು ಹಾಕಲು ಒಂಬತ್ತು ವರ್ಷದವಳಿಗೂ ನಾಚಿಕೆಯಾಯಿತು.

ಮುಂದಿನ ಭಾನುವಾರ ಮನೆ ನೋಡಲು ಹೋದೆವು. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಫಲಕನುಮಾ ದಾಟಿದ ಮೇಲೆ ಮನೆಗಳು ತೆಳುವಾದವು, ಬಂಡೆಗಳು ಬಂದವು, ಆಮೇಲೆ ಹೊಲಗಳು. ಬಸು ಕಿಟಕಿಯ ಸರಳು ಹಿಡಿದು ಕೂತು, ಕಂಡದ್ದಕ್ಕೆಲ್ಲ ಹೆಸರು ಕೇಳುತ್ತಿದ್ದ.

ಮನೆ ಅಪ್ಪನ ಚಿತ್ರದಂತೆ ಇರಲಿಲ್ಲ, ಅದಕ್ಕಿಂತ ಚೆನ್ನಾಗಿತ್ತು. ಮುಂದೆ ದೊಡ್ಡ ಅಂಗಳ, ಅಂಗಳದಲ್ಲಿ ಬೇವಿನ ಮರ. ಬಸು ಆ ಮರವನ್ನು ಸುತ್ತಿ ಓಡಿದ. ಒಂದು ಸುತ್ತು, ಎರಡು, ಮೂರು. ನಾವೆಲ್ಲ ನಿಂತು ನೋಡಿದೆವು, ಯಾಕೆಂದರೆ ಅವನು ಓಡಿದ್ದನ್ನು ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ. ಮೂರನೆಯ ಸುತ್ತಿಗೆ ಅವನು ಬಂದು ಅವ್ವನ ಸೀರೆಗೆ ಆತುಕೊಂಡ. ಅವ್ವ ಬಗ್ಗಿ ಅವನ ಎದೆಗೆ ಕಿವಿಯಿಟ್ಟಳು. ಅಪ್ಪ, "ಹೆಂಗೈತಿ?" ಎಂದ. ಅವ್ವ ತಲೆ ಎತ್ತಿ, "ಏನೂ ಕೇಳವಲ್ಲದು," ಎಂದಳು. ಸದ್ದು ಇರಲಿಲ್ಲ. ನಾನೂ ಕೇಳಿಸಿಕೊಂಡೆ, ನಿಜವಾಗಿಯೂ ಇರಲಿಲ್ಲ. ಆಗ ನನಗೆ ಖುಷಿಯಾಗಬೇಕಿತ್ತು. ನನಗೆ ಆದದ್ದು ಹೆದರಿಕೆ. ಇನ್ನು ನಾವು ಇಲ್ಲಿಗೆ ಬಂದೇ ಬರುತ್ತೇವೆ ಎಂದು.

ಅಪ್ಪ ಅವ್ವ ಅಡುಗೆಮನೆ ನೋಡಲು ಒಳಗೆ ಹೋದರು. ಅಂಗಳದಲ್ಲಿ ಆಯಿ, ಬಸು ಮತ್ತು ನಾನು. ಪಕ್ಕದ ಮನೆಯ ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ಒಬ್ಬ ಮುದುಕಿ ನಮ್ಮನ್ನು ಕರೆದಳು. ತೆಲುಗಿನವಳು. ಬಸೂನ ಕೆನ್ನೆ ಹಿಡಿದು, ಸೊರಗಿದ ಕುತ್ತಿಗೆ ಮುಟ್ಟಿ, ಲೊಚಗುಟ್ಟಿದಳು. ಆಮೇಲೆ ಆಯಿಯ ಮುಖ ನೋಡಿ, ಬೆರಳೆತ್ತಿ, ಒತ್ತಿ ಒತ್ತಿ ಹೇಳಿದಳು: "ಪಿಲ್ಲಗಾನಿಕಿ ಆವು ಪಾಲೇ ಅಮ್ಮಾ. ಆವು ಪಾಲೇ."

ಆಕೆ ಹೇಳಿದ್ದು ಇಷ್ಟೇ: ಈ ಹುಡುಗನಿಗೆ ಆಕಳ ಹಾಲೇ ಬೇಕು, ಆಕಳ ಹಾಲು ಕೊಡಿ. ತೆಲುಗಿನಲ್ಲಿ ಆವು ಎಂದರೆ ಆಕಳು, ಪಾಲು ಎಂದರೆ ಹಾಲು.

ಆದರೆ ನಮ್ಮ ಆಯಿಗೆ ತೆಲುಗು ಬರುತ್ತಿರಲಿಲ್ಲ. ಕಾಚಿಗೂಡದ ಗಲ್ಲಿಯಲ್ಲಿ ಹಾಲಿನವನೂ 'ದೂಧ್' ಎಂದೇ ಕೂಗುವವನು. ಪಿಲ್ಲಗಾಡು ಎಂದರೆ ಹುಡುಗ ಎಂಬುದೊಂದು ಗೊತ್ತಿತ್ತು ಆಕೆಗೆ. ಉಳಿದದ್ದು ಆಕೆಯ ಕಿವಿಗೆ ಅಚ್ಚ ಕನ್ನಡವಾಗಿ ಬಿತ್ತು. ಈ ಹುಡುಗ ಹಾವಿನ ಪಾಲು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಗರ ಪಂಚಮಿಗೆ ಮಣ್ಣಿನ ಹಾವಿಗೆ ಹಾಲು ಎರೆಯುವಾಗ ಒಬ್ಬೊಬ್ಬರ ಹೆಸರು ಹೇಳಿ ಎರೆಯುತ್ತೇವೆ: ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ತಮ್ಮನ ಪಾಲು. ಹಾವಿಗೆ ಅದರ ಪಾಲು ಹಾಲಿನಲ್ಲಿ ಮುಟ್ಟಿಬಿಟ್ಟರೆ ಅದು ಮನೆಯವರ ತಂಟೆಗೆ ಬರುವುದಿಲ್ಲ. ಆ ವರ್ಷದ ಪಂಚಮಿಯ ದಿನ ಆಯಿ ಎರೆಯುತ್ತಿದ್ದಾಗಲೇ ಬಸೂಗೆ ದಮ್ಮು ಹತ್ತಿ, ಎಲ್ಲರೂ ಅವನ ಕಡೆ ಓಡಿ, ಅವನ ಪಾಲೊಂದು ಎರೆಯದೆ ಉಳಿದುಹೋಗಿತ್ತು. ಆಯಿ ಅದನ್ನು ಯಾರಿಗೂ ಹೇಳಿರಲಿಲ್ಲ. ಮೂರು ತಿಂಗಳಿಂದ ಒಳಗೇ ಇಟ್ಟುಕೊಂಡು ಕೊರಗುತ್ತಿದ್ದಳು. ಈಗ ಗುರುತಿಲ್ಲದ ಊರಿನಲ್ಲಿ, ಗುರುತಿಲ್ಲದ ಮುದುಕಿಯೊಬ್ಬಳು ಅವನನ್ನು ಮುಟ್ಟಿ ಅದೇ ಮಾತು ಹೇಳಿದ್ದಳು. ಆಯಿ ಬಸೂನನ್ನು ಎಳೆದು ಸೆರಗಿನೊಳಗೆ ಮುಚ್ಚಿಕೊಂಡಳು.

ನನಗೆ ತೆಲುಗು ಬರುತ್ತಿತ್ತು. ಶಾಲೆಯಲ್ಲಿ ಎರಡನೆಯ ಭಾಷೆ ಅದೇ. ಆ ಪುಸ್ತಕದ ಮೊದಲ ಪುಟದಲ್ಲೇ ಅ ಎಂದರೆ ಅಮ್ಮ, ಆ ಎಂದರೆ ಆವು, ಪಕ್ಕದಲ್ಲಿ ಬಿಳಿ ಆಕಳಿನ ಚಿತ್ರ. ಮನೆಗೆ ತೆಲುಗಿನವರು ಯಾರೇ ಬಂದರೂ ನಡುವೆ ನಿಂತು ಮಾತು ಆ ಕಡೆ ಈ ಕಡೆ ಮಾಡುವವಳು ನಾನೇ, ಅದರ ಗತ್ತೂ ನನಗಿತ್ತು. ಆವತ್ತು ಬಾಯಿ ತೆರೆದೆ, ತೆರೆದವಳು ಮುಚ್ಚಿದೆ.

ತಿರುಗಿ ಬರುವಾಗ ರೈಲಿನಲ್ಲಿ ಆಯಿ ಅಪ್ಪನಿಗೆ ಎಲ್ಲ ಹೇಳಿದಳು. ಪಂಚಮಿಯ ದಿನ ತಪ್ಪಿದ್ದನ್ನೂ ಹೇಳಿ ಅತ್ತಳು. ಅಪ್ಪ ಮೊದಲು ನಕ್ಕ. "ಹೊಸಬರಿಗೆ ಮನೀ ಸಿಗಬಾರದಂತ ಹೇಳಿರಬೇಕು. ಹೊಲದಾಗ ಹಾವು ಇರೂದು ದೊಡ್ಡ ಮಾತೇನು?" ಆಯಿ ಮಗನ ಕೈ ಹಿಡಿದುಕೊಂಡಳು. "ಹಾವು ಐತಿ ಅನ್ಲಿಲ್ಲೋ ಯಪ್ಪಾ. ಇವನ್ನ ಮುಟ್ಟಿ ಅಂದ್ಲು."

ಅಪ್ಪ ನನ್ನ ಕಡೆ ತಿರುಗಿದ. ಅಪ್ಪನ ತೆಲುಗು ಬಸ್ಸು ಹತ್ತಿ ಇಳಿಯುವಷ್ಟರದು. "ನೀ ಅಲ್ಲೇ ಇದ್ದೆಲ್ಲವ್ವ? ನಿನಗ ತಿಳೀತೈತಿ. ಆಕಿ ಖರೇನ ಏನಂದ್ಲು?"

ಬಸು ನನ್ನ ತೊಡೆಯ ಮೇಲೆ ಕುಳಿತಿದ್ದ. ತಲೆ ಎತ್ತಿ ನನ್ನನ್ನು ನೋಡಿ, "ಅಕ್ಕಾ, ಆ ಅಂದ್ರ..." ಎಂದು ಶುರು ಮಾಡಿದ. ನಾನು ದಿನಾ ಒದರುವುದನ್ನು ಕೇಳಿ ಅವನಿಗೂ ಬಾಯಿಪಾಠವಾಗಿತ್ತು.

"ಸುಮ್ನ ಕುಂದರ. ಮಾತಾಡಿದ್ರ ದಮ್ಮು ಹತ್ತತೈತಿ," ಎಂದೆ.

ಅವನು ಸುಮ್ಮನಾದ. ನನ್ನ ಮಾತನ್ನು ಅವನು ಯಾವತ್ತೂ ಮೀರಿದವನಲ್ಲ. ನಾನು ಅಪ್ಪನಿಗೆ ಹೇಳಿದೆ: "ಪಿಲ್ಲಗಾನಿಕಿ ಆವು ಪಾಲೇ ಅಂದ್ಲು ಅಪ್ಪ. ಎರಡು ಸರ್ತಿ ಅಂದ್ಲು."

ಒಂದಕ್ಷರ ಸುಳ್ಳಿರಲಿಲ್ಲ ಅದರಲ್ಲಿ. ಮುದುಕಿ ಹೇಳಿದ್ದನ್ನು ಹೇಳಿದ ಹಾಗೆಯೇ ಒಪ್ಪಿಸಿದ್ದೆ. ಆಮೇಲೆ ಎಷ್ಟೋ ವರ್ಷ ಇದೇ ಮಾತು ಹೇಳಿಕೊಂಡು ನನ್ನನ್ನು ನಾನು ಬಿಡಿಸಿಕೊಳ್ಳಲು ನೋಡಿದ್ದೇನೆ. ಬಿಡಿಸಿಕೊಳ್ಳಲು ಆಗಿಲ್ಲ. ಸುಳ್ಳು ಹೇಳಿದ್ದರೆ ಯಾರಾದರೂ ಹಿಡಿಯುತ್ತಿದ್ದರೇನೋ.

ಅಪ್ಪನ ಮುಖದಿಂದ ನಗು ಹೋಯಿತು. ಎದುರಿನ ಸೀಟಿನಲ್ಲಿ ಅವ್ವ ಕಿಟಕಿಯ ಆಚೆ ನೋಡುತ್ತಿದ್ದಳು. ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿಯುವಷ್ಟರಲ್ಲಿ ಬಸೂನ ಎದೆ ಮತ್ತೆ ಸುಂಯ್ ಎನ್ನತೊಡಗಿತ್ತು. ಮನೆಗೆ ಬಂದವಳೇ ಆಯಿ ಕಡಲೆಯ ವಾಟಿಗೆ ನೀರು ಸುರಿದು ನೆನೆಯಿಟ್ಟಳು. ಮರುದಿನ ಅದರ ಉಸುಳಿಯಾಯಿತು. ನಾನೂ ತಿಂದೆ.

ಸಂಕ್ರಾಂತಿ ಬಂತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಗಜ್ಜರಿಯ ಪಚಡಿ. ಬೆಳಗ್ಗೆಯಿಂದಲೇ ಆಕಾಶದಲ್ಲಿ ಜಾಗವಿರಲಿಲ್ಲ. ನಸ್ರೀನ್ ಮಾತಿಗೆ ತಪ್ಪಲಿಲ್ಲ, ಚರಖಾ ಹಿಡಿದು ನನ್ನ ಹಿಂದೆ ನಿಂತಳು. ಬಸೂನನ್ನು ಸ್ವೆಟರು, ಮಫ್ಲರಿನಲ್ಲಿ ಸುತ್ತಿ ನೀರಿನ ಟಾಕಿಯ ಮರೆಯಲ್ಲಿ ಕೂರಿಸಿದ್ದರು. ಬೇರೆಯವರ ಪಟ ಕತ್ತರಿಸಿದಾಗ ಇಡೀ ಮಾಳಿಗೆ "ಅಫಾ!" ಎಂದು ಕೂಗುತ್ತಿತ್ತು. ಬಸೂಗೆ ಕೂಗುವಷ್ಟು ಉಸಿರಿರಲಿಲ್ಲ, ಅದಕ್ಕೆ ಅವನು ಒಂದು ಸ್ಟೀಲಿನ ತಾಟು, ಒಂದು ಚಮಚ ತಂದುಕೊಂಡಿದ್ದ. ನಾನು ಆವತ್ತು ಐದು ಪಟ ಕತ್ತರಿಸಿದೆ. ಐದು ಸಲವೂ ಅವನು ತಾಟು ಬಾರಿಸಿದ. ಐದನೆಯದಕ್ಕೆ ಎದ್ದು ನಿಂತು ಬಾರಿಸಿದ. ನನ್ನ ಇಡೀ ಬಾಲ್ಯದಲ್ಲಿ ಅಷ್ಟು ಸುಖದ ದಿನ ಇನ್ನೊಂದಿಲ್ಲ. ಇದನ್ನು ಬರೆಯುವಾಗ ನನಗೆ ಅಸಹ್ಯವಾಗುತ್ತದೆ, ಆದರೂ ಅದು ನಿಜ.

ಅದಾದ ಹನ್ನೊಂದನೆಯ ದಿನ, ಬೆಳಗ್ಗೆ ನಾನು ಶಾಲೆಗೆ ಜಡೆ ಹಾಕಿಸಿಕೊಳ್ಳುತ್ತಿದ್ದಾಗ ಬಸೂಗೆ ದಮ್ಮು ಹತ್ತಿತು. ಚಳಿಗಾಲದ ಮಂಜು, ಅದರೊಳಗೆ ಗಲ್ಲಿಯಲ್ಲಿ ಯಾರೋ ಕಸ ಸುಟ್ಟ ಹೊಗೆ. ಅವ್ವ ಅರ್ಧ ಹೆಣೆದ ಜಡೆ ಬಿಟ್ಟು ಓಡಿದಳು. ಅಪ್ಪ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಇಳಿದ, ಅವ್ವ ಬರಿಗಾಲಲ್ಲಿ ಹಿಂದೆ ಹೋದಳು. ಅಪ್ಪನ ಹೆಗಲ ಮೇಲಿಂದ ಬಸು ನನ್ನ ಕಡೆ ನೋಡುತ್ತಿದ್ದ. ಅವನ ಬಾಯಿ ತೆರೆದಿತ್ತು. ಮಧ್ಯಾಹ್ನ ಅವರು ಮರಳಿ ಬಂದರು. ಮೆಟ್ಟಿಲ ಮೇಲೆ ಮೂವರ ಸಪ್ಪಳ ಕೇಳಬೇಕಾದಲ್ಲಿ ಇಬ್ಬರದಿತ್ತು. ಬಸೂನನ್ನು ಅಪ್ಪ ಬಿಳಿ ಬಟ್ಟೆಯಲ್ಲಿ ಎತ್ತಿಕೊಂಡಿದ್ದ.

ಆಮೇಲೆ ಮನೆಯಲ್ಲಿ ಸದ್ದೇ ಇಲ್ಲದಾಯಿತು. ನಾನು ಎಷ್ಟು ಬಯ್ದುಕೊಂಡಿದ್ದೆನೋ ಆ ಸದ್ದನ್ನು, ಅದಿಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಬೆಳಗ್ಗೆ ಎಚ್ಚರವಾದಾಗ ಮೊದಲು ಅದಕ್ಕೇ ಕಿವಿಗೊಡುತ್ತಿದ್ದೆ. ಈಗಲೂ ಕೊಡುತ್ತೇನೆ. ಕುಕ್ಕರು ಕೂಗುವ ಮೊದಲು ಸಣ್ಣಗೆ ಸುಂಯ್ ಎನ್ನುತ್ತದಲ್ಲ, ಆಗ ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದು ನಿಂತುಬಿಡುತ್ತೇನೆ.

ಆಯಿ ಮಾತ್ರ ತನ್ನದೇ ತೀರ್ಮಾನಕ್ಕೆ ಬಂದಿದ್ದಳು. "ನಾವು ಹೋಗಲಿಲ್ಲ ಅಂತ ಅದ ಹುಡುಕ್ಕೊಂಡು ಬಂತವ್ವ," ಎಂದಳು ಒಮ್ಮೆ. "ನಾ ಅವನ ಪಾಲು ಎರದಿದ್ರ ಬರ್ತಿರಲಿಲ್ಲ." ಮುಂದಿನ ಪಂಚಮಿಗೆ ಆಕೆ ಮಣ್ಣಿನ ಹಾವಿನ ಮುಂದೆ ಕುಳಿತು ಎಲ್ಲರ ಪಾಲು ಎರೆದು, ಕಡೆಗೆ ತಂಬಿಗೆಯಲ್ಲಿ ಉಳಿದಿದ್ದ ಹಾಲನ್ನೆಲ್ಲ "ಬಸೂನ ಪಾಲು" ಎಂದು ಸುರಿದಳು. ಮಣ್ಣಿನ ಹಾವು ಕರಗಿ ಕುಸಿಯಿತು. ಆಮೇಲೆ ಆರು ವರ್ಷ ಬದುಕಿದ್ದಳು, ಆರು ಪಂಚಮಿಯೂ ಹಾಗೆಯೇ ಮಾಡಿದಳು. ನಾನು ಪಕ್ಕದಲ್ಲಿ ಕೂತು ಅರಳು, ಎಳ್ಳುಂಡೆ ಎತ್ತಿ ಕೊಡುತ್ತಿದ್ದೆ. ಆಯೀ, ಅದು ಹಾವಲ್ಲ, ಆಕಳು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಅಪ್ಪನ ಕಿವಿಗೆ ಬೀಳುತ್ತದೆ, ಅಪ್ಪ ನನ್ನನ್ನು ಹೇಗೆ ನೋಡುತ್ತಾನೆ ಎಂಬ ಹೆದರಿಕೆಯಲ್ಲಿ ಆಕೆ ತನ್ನ ತಪ್ಪೆಂದೇ ನಂಬಿಕೊಂಡು ಸಾಯಲು ಬಿಟ್ಟೆ. ಅಪ್ಪನೂ ಈಗ ಇಲ್ಲ.

ಈಗ ನಾನು ಗಂಡ, ಮಗಳು, ಅವ್ವನ ಜೊತೆ ತಾರ್ನಾಕದಲ್ಲಿದ್ದೇನೆ. ಕಳೆದ ತಿಂಗಳು ನನ್ನ ಗಂಡನಿಗೆ ಊರ ಹೊರಗೆ ಫ್ಲ್ಯಾಟ್ ಕೊಳ್ಳುವ ಹುಚ್ಚು ಹತ್ತಿತು. ಶಾಲೆ, ನೀರು, ಟ್ರಾಫಿಕ್ಕು ಎಂದು ಫೋನಿನಲ್ಲಿ ಅನುಕೂಲ ಅನಾನುಕೂಲಗಳ ಪಟ್ಟಿ ಮಾಡಿಕೊಂಡು, ನೋಡಿ ಬರೋಣ ಎಂದು ಕರೆದುಕೊಂಡು ಹೋದ. ಕಾರು ಶಾದನಗರದಲ್ಲಿ ನಿಂತಾಗಲೇ ನನಗೆ ಗೊತ್ತಾದದ್ದು. ಬೇವಿನ ಮರವಿದ್ದ ಜಾಗವನ್ನು ಗುರುತಿಸಲು ಆಗಲಿಲ್ಲ, ಎಲ್ಲ ಕಡೆ ಒಂದೇ ಥರದ ಕಟ್ಟಡಗಳು, ಸಿಮೆಂಟಿನ ಲಾರಿಗಳು, ಎದ್ದ ಧೂಳು. ಆ ಗಾಳಿ ಅಲ್ಲಿಯೂ ಉಳಿದಿಲ್ಲ. ಮಾರುವ ಹುಡುಗಿ ಈಜುಕೊಳ ತೋರಿಸುತ್ತಿದ್ದಳು. ನಾನು ಕಾರಿಗೆ ಬಂದು ಕುಳಿತುಬಿಟ್ಟೆ.

ಸಂಜೆ ಮನೆಯಲ್ಲಿ ಅವ್ವ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕುಳಿತು, ಶಾದನಗರಕ್ಕೆ ಹೋಗಿದ್ದೆ ಎಂದೆ. ಆಮೇಲೆ, ಮೂವತ್ತೊಂದು ವರ್ಷ ನುಂಗಿಕೊಂಡಿದ್ದನ್ನು ಹೇಳಿದೆ. "ಅವ್ವಾ, ಆ ಮುದುಕಿ ಹಾವು ಅಂದಿರಲಿಲ್ಲ."

ಅವ್ವ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಆಕಳ ಹಾಲು ಅಂದಿದ್ಲು," ಎಂದಳು.

ನನಗೆ ಕೇಳಿಸಿದ್ದು ಸರಿಯೇ ಎಂದು ಒಂದು ಗಳಿಗೆ ತಿಳಿಯಲಿಲ್ಲ.

"ದಿನಾ ಮನ್ಯಾಗ ಆ ಅಂದ್ರ ಆವು ಅಂತ ಆಕಳ ಚಿತ್ರ ಮುಂದಿಟ್ಕೊಂಡು ನೀ ಒದರಾಕಿ. ನನ್ನ ಕಿವಿ ಏನ್ ಕೆಪ್ಪಾಗಿತ್ತೇನು? ರೈಲಿನ್ಯಾಗ ನೀ ಹೇಳೂದ್ರಾಗ ನನಗ ತಿಳೀತು."

"ಮತ್ತ ಯಾಕ ಸುಮ್ಮನಿದ್ದಿ?"

ಅವ್ವ ಇನ್ನೊಂದು ಕಟ್ಟು ಸೊಪ್ಪು ಹತ್ತಿರಕ್ಕೆ ಎಳೆದುಕೊಂಡಳು. "ನಿಮ್ಮಪ್ಪ ನಸುಕಿನ್ಯಾಗ ಬಸ್ ಹಿಡದು ಹೋದ್ರ ಕತ್ತಲಾದಮ್ಯಾಲ ಬರಾವ. ಆ ಬಯಲಾಗ ಬಸೂಗ ದಮ್ಮು ಹತ್ತಿದ್ರ ನಾ ಒಬ್ಬಾಕಿ ಯಾರನ್ನ ಕರೀಲಿ, ಯಾ ಮಾತಿನ್ಯಾಗ ಕರೀಲಿ ಅಂತ ಭಾಳ ಅಂಜಿಕಿ ಬಂದಿತ್ತು ನನಗ. ತಾಯಿ ಆದಾಕಿ ಅಂಜತೀನಿ ಅಂತ ಹೆಂಗ ಹೇಳಾಕ ಬರ್ತೈತಿ? ನಿಮ್ಮಾಯಿ ಹಾವು ಅಂದ್ಲು. ನಾ ಅದರ ಹಿಂದ ನಿಂತ್ಕೊಂಡ್ನಿ."

"ನಾನೂ ಸುಮ್ಮನಿದ್ದೆನವ್ವಾ. ಗಾಳಿಪಟದ ಸಲುವಾಗಿ," ಎಂದೆ. ಅಳು ಬಂತು.

ಆಗ ಅವ್ವ ಸೊಪ್ಪು ಬಿಟ್ಟು ನನ್ನ ಕಡೆ ನೋಡಿದಳು. "ನೀ ಸಣ್ಣಾಕಿ ಇದ್ದಿ," ಎಂದಳು. "ನಾ ಸಣ್ಣಾಕಿ ಇರಲಿಲ್ಲ."

ಅಲ್ಲಿಗೆ ಹೋಗಿದ್ದರೆ ಅವನು ಉಳಿಯುತ್ತಿದ್ದನೇ ಎಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಅದು ಇಬ್ಬರಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಕೂತು, ಅವ್ವ ತನ್ನದೇ ತಪ್ಪೆಂದು, ನಾನು ನನ್ನದೇ ಎಂದು ಇಷ್ಟು ವರ್ಷ ಬೇರೆ ಬೇರೆಯಾಗಿ ಅತ್ತಿದ್ದೇವೆ. ತಮ್ಮನ ಜೊತೆಗೆ ಅಷ್ಟನ್ನೂ ಕಳೆದುಕೊಂಡೆವು. ಅವನ ಹೆಸರು ಎತ್ತಿದರೆ ಎಲ್ಲಿ ಮಾತು ಆ ರೈಲಿಗೆ ಹೋಗಿ ನಿಲ್ಲುತ್ತದೋ ಎಂದು ಹೆಸರನ್ನೇ ಎತ್ತಲಿಲ್ಲ. ನನ್ನ ಮಗಳಿಗೆ ಒಬ್ಬ ಸೋದರಮಾವ ಇದ್ದನೆಂಬುದೂ ಸರಿಯಾಗಿ ಗೊತ್ತಿಲ್ಲ.

ಅವ್ವ ಮತ್ತೆ ಸೊಪ್ಪಿಗೆ ಕೈ ಹಾಕಿದಳು. "ಇದ್ದಿದ್ರ ಈಗ ಅವಗ..." ಎಂದು ತಡೆದಳು.

"ಮೂವತ್ತಾರು," ಎಂದೆ.

"ಬರೂ ಶ್ರಾವಣಕ್ಕ ಮೂವತ್ತೇಳು," ಎಂದಳು ಅವ್ವ. ಇಬ್ಬರೂ ಲೆಕ್ಕ ಹಾಕಬೇಕಾಗಲಿಲ್ಲ.